ಕಾರವಾರದಲ್ಲಿ ಪಿಎಚ್‌ಡಿ ಮಾಡುವವರ ದಿನ ಹೇಗಿರುತ್ತೆ? ಟೆಕ್ ಹವ್ಯಾಸ ಇರೋರಿಗೆ ಬೋರ್ ಆಗಲ್ವಾ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ಕೋಡಿಂಗ್, ಎಲೆಕ್ಟ್ರಾನಿಕ್ಸ್ ಅಂದರೆ ಹುಚ್ಚು, ಈಗ ಕಾರವಾರದಲ್ಲಿ ಪಿಎಚ್‌ಡಿ ಅವಕಾಶ ಬಂದಿದೆ, ಆದರೆ ಅಷ್ಟು ಸಣ್ಣ ಊರಲ್ಲಿ ಕೊಳೆತು ಹೋಗ್ತೀನೇನೋ ಅನ್ನೋ ಭಯ. ನಾನು ಕೋಡಿಬಾಗದಲ್ಲಿ ರೂಮ್ ಮಾಡಿಕೊಂಡು ಕಾಳಿ ನದಿ ಅಳಿವೆಯ ಬಳಚಿನ (ಕೆಸರಲ್ಲಿ ಬದುಕುವ, ಎರಡು ಚಿಪ್ಪಿನ ಜೀವಿ) ಮೇಲೆ ಸಂಶೋಧನೆ ಮಾಡುತ್ತಿರುವವನು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಇಲ್ಲಿ ಕೊಳೆಯೋದು ನೀವಲ್ಲ, ನಿಮ್ಮ ಸರ್ಕ್ಯೂಟ್ ಬೋರ್ಡು.

ಮೊದಲು ದಿನಚರಿ. ಇಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತದ ಪಟ್ಟಿ ನೋಡೋದೇ ಜಾಸ್ತಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಇಳಿದ ಹೊತ್ತಿಗೇ ನಾಳೆ ಇಳಿಯಲ್ಲ, ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದಾಗ ನೀರು ತುಂಬಾ ಕೆಳಗೆ ಹೋಗುತ್ತದೆ. ಸ್ಯಾಂಪಲ್ ತರೋಕೆ ಅದೇ ಸರಿಯಾದ ಸಮಯ. ಭಾನುವಾರ ಇದ್ದರೂ ಅಷ್ಟೇ, ಹಬ್ಬ ಇದ್ದರೂ ಅಷ್ಟೇ. ವಾರಾಂತ್ಯ ಅನ್ನೋ ಲೆಕ್ಕ ಇಲ್ಲಿಗೆ ಬಂದ ಮೇಲೆ ನನಗೆ ಮರೆತೇ ಹೋಗಿದೆ.

ಮೊಣಕಾಲುದ್ದ ಕೆಸರಲ್ಲಿ ಇಳಿದರೆ ಅಕ್ಕಪಕ್ಕ ಬಳಚು ಆರಿಸುವ ಹೆಂಗಸರು ಇರುತ್ತಾರೆ. ನಾನು ಜಿಪಿಎಸ್ ಹಿಡಿದು, ಚೌಕಟ್ಟು ಇಟ್ಟು, ಅದರೊಳಗಿನದನ್ನು ಮಾತ್ರ ಅಗೆಯುತ್ತೇನೆ. ಅವರು ಕಾಲಲ್ಲೇ ತಡಕಿ ಎಲ್ಲಿ ದಪ್ಪದ್ದಿದೆ ಅಂತ ಹೇಳಿಬಿಡುತ್ತಾರೆ. ಆಮೇಲೆ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ-ಬಿಳಿ ಸೇರುವ ಗೆರೆಯಲ್ಲಿ ಉಪ್ಪಿನಂಶ ಕಾಣುತ್ತದೆ. ಮೇ ತಿಂಗಳಲ್ಲಿ ಬಾಯಿಗೆ ಹಾಕಿದರೆ ಮುಖ ಸಿಂಡರಿಸುವಷ್ಟು ಉಪ್ಪಾಗಿರುವ ಜಾಗದಲ್ಲೇ, ಜುಲೈಯಲ್ಲಿ ಮೇಲೆ ಕದ್ರಾ ಅಣೆಕಟ್ಟಿನ ಗೇಟು ತೆಗೆದ ಮೇಲೆ ಹೆಚ್ಚುಕಮ್ಮಿ ಸಿಹಿನೀರೇ ಹರಿಯುತ್ತಿರುತ್ತದೆ. ಬಳಚು ಆ ಹೊಡೆತವನ್ನು ಹೇಗೆ ತಡೆದುಕೊಳ್ಳುತ್ತೆ ಅನ್ನೋದೇ ನನ್ನ ವಿಷಯ.

ಲ್ಯಾಬಿಗೆ ಬಂದ ಮೇಲೆ ಅಳತೆ. ಎಲ್ಲರೂ ವರ್ನಿಯರ್ ಹಿಡಿದು ಒಂದೊಂದೇ ಚಿಪ್ಪು ಅಳೆಯುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಟ್ರೇ ಮೇಲೆ ಚಿಪ್ಪು ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿಂದ ಫೋಟೊ ತೆಗೆದು, ಪೈಥಾನ್‌ನಲ್ಲಿ ಓಪನ್‌ಸಿವಿ (ಫೋಟೊಗಳನ್ನು ವಿಶ್ಲೇಷಿಸುವ ತಂತ್ರಾಂಶ) ಬಳಸಿ ಅಂಚು ಹುಡುಕಿಸುತ್ತೇನೆ. ಒದ್ದೆ ಚಿಪ್ಪು ಮಿಂಚಿದರೆ ಪ್ರೋಗ್ರಾಂ ಒಂದನ್ನು ಎರಡು ಅಂತ ಎಣಿಸುತ್ತದೆ, ನೆರಳು ಬಿದ್ದರೆ ಉದ್ದ ಜಾಸ್ತಿ ತೋರಿಸುತ್ತದೆ. ಟ್ಯೂಬ್‌ಲೈಟಿಗೆ ಬಟರ್ ಪೇಪರ್ ಅಂಟಿಸಿದ ಮೇಲೆ ಎಷ್ಟೋ ಸರಿಯಾಯಿತು. ಆದರೂ ಪ್ರತಿ ಟ್ರೇಯಲ್ಲಿ ಕೆಲವನ್ನು ಕೈಯಿಂದ ಅಳೆದು ತಾಳೆ ನೋಡುತ್ತೇನೆ, ಇಲ್ಲದಿದ್ದರೆ ಗೈಡ್ ಬಿಡಲ್ಲ.

ಸ್ಕಾಲರ್‌ಶಿಪ್ ಬಗ್ಗೆ ಒಂದೇ ಮಾತು. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್) ಇದ್ದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಈ ಊರಲ್ಲಿ ಆರಾಮಾಗಿ ಸಾಕು. ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತೆ ಅಂತ ಮಾತ್ರ ನಂಬಿಕೊಂಡು ಇಎಂಐ ಮಾಡಬೇಡಿ.

ಈಗ ಹವ್ಯಾಸಕ್ಕೆ ಬರೋಣ. ಡ್ರೋನ್ ಆಸೆ ಇದ್ದರೆ ಬೆಂಗಳೂರಲ್ಲೇ ಬಿಟ್ಟು ಬನ್ನಿ. ಊರ ಪಕ್ಕವೇ ಸೀಬರ್ಡ್ ನೌಕಾನೆಲೆ, ಸುಮ್ನೆ ತಲೆನೋವು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಹಾಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಓಡೋ ಸುಖವೂ ಇಲ್ಲ, ಎಲ್ಲಾ ಆರ್ಡರ್ ಮಾಡಿ ಕಾಯಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ, ನೆಟ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಗೂಗಲ್ ಕೊಲ್ಯಾಬ್‌ನಲ್ಲಿ (ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರಿನಲ್ಲಿ ಕೋಡ್ ಓಡಿಸುವ ಸೇವೆ) ಮಾಡೆಲ್ ಓಡಿಸುತ್ತಾ ಕೂತಿದ್ದಾಗ ಸಂಪರ್ಕ ಕಡಿದರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಹಾಗಾಗಿ ಆಗಾಗ ಸೇವ್ ಮಾಡುವ ಸಾಲುಗಳನ್ನು ಕೋಡ್‌ನಲ್ಲಿ ಮೊದಲೇ ಬರೆದಿಟ್ಟುಕೊಳ್ಳೋದು ಅಭ್ಯಾಸವಾಗಿದೆ.

ನನ್ನ ದೊಡ್ಡ ಹುಚ್ಚು ಮಳೆಮಾಪಕ. ವರ್ಷಕ್ಕೆ 3,000 ಮಿ.ಮೀ. ಸುತ್ತಮುತ್ತ ಮಳೆ ಬೀಳೋ ಊರಲ್ಲಿ ಕೂತು ಬೇರೇನು ಅಳೆಯಲಿ ಹೇಳಿ? ಯಂತ್ರ ತುಂಬಾ ಸರಳ. ಮೇಲೊಂದು ಆಲಿಕೆ. ಅದರ ಕೆಳಗೆ ಏತಪಾತದ ಹಾಗೆ ಆಡುವ ಜೋಡಿ ಬೋಗುಣಿ. ಒಂದು ತುಂಬಿದರೆ ಟಕ್ ಅಂತ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚುವಾಗ ಅದಕ್ಕೆ ಅಂಟಿಸಿದ ಆಯಸ್ಕಾಂತ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಪುಟ್ಟ ಸ್ವಿಚ್) ಮುಂದೆ ಹಾದುಹೋಗುತ್ತದೆ, ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಒಂದು ಅಂತ ಎಣಿಸುತ್ತದೆ. ನನ್ನ ಆಲಿಕೆಯ ಬಾಯಿ 16 ಸೆಂ.ಮೀ. ಅಗಲ. ಲೆಕ್ಕ ಹಾಕಿದರೆ ಒಂದು ಮಿ.ಮೀ. ಮಳೆಗೆ ಸುಮಾರು 20 ಮಿ.ಲೀ. ನೀರು. ಬೋಗುಣಿ 4 ಮಿ.ಲೀ.ಗೆ ಮಗುಚಿದರೆ ಒಂದು ಟಕ್‌ಗೆ 0.2 ಮಿ.ಮೀ. ಮೆಡಿಕಲ್ ಶಾಪಿಂದ ಸಿರಿಂಜ್ ತಂದು ಹನಿಹನಿಯಾಗಿ ನೀರು ಬಿಡುತ್ತಾ, ಕೆಳಗಿನ ಸ್ಕ್ರೂ ತಿರುಗಿಸುತ್ತಾ ಹೊಂದಿಸಬೇಕು. ಒಂದು ಸಂಜೆ ಹೋಗಿದ್ದೇ ಗೊತ್ತಾಗಲ್ಲ.

ತಮಾಷೆ ಇರೋದು ಆಮೇಲೆ. ಜೋರು ಮಳೆಯಲ್ಲಿ ಬೋಗುಣಿ ಮಗುಚುತ್ತಿರುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೇ ಸಿಗಲ್ಲ. ಅಂದರೆ ಮಳೆ ಜಾಸ್ತಿ ಆದಷ್ಟೂ ಯಂತ್ರ ಕಡಿಮೆ ಹೇಳುತ್ತದೆ. ಹಾಗಾಗಿ ವೇಗಕ್ಕೆ ತಕ್ಕಂತೆ ತಿದ್ದುವ ಸೂತ್ರ ಹಾಕಬೇಕು. ಜೇಡ ಒಳಗೆ ಬಲೆ ಕಟ್ಟಿದರೆ ಮಳೆಯೇ ಬರಲಿಲ್ಲ ಅನ್ನುತ್ತದೆ. ಸಮುದ್ರದ ಉಪ್ಪುಗಾಳಿಗೆ ತಾಮ್ರದ ತಂತಿ ಹಸಿರಾಗುತ್ತದೆ, ಯುಎಸ್‌ಬಿ ಬಾಯಿ ತುಕ್ಕು ಹಿಡಿಯುತ್ತದೆ. ಬೆಸುಗೆ ಹಾಕಿದ ಜಾಗಕ್ಕೆಲ್ಲ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯೋದು ನನ್ನ ಮದ್ದು. ಅಂಗಡಿಯಾಕೆ ಈಗ ಕೇಳದೆಯೇ ಬಾಟಲಿ ತೆಗೆದು ಕೊಡುತ್ತಾಳೆ, ಏನಂದುಕೊಂಡಿದ್ದಾಳೋ ಗೊತ್ತಿಲ್ಲ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ದಿನದ ಮಳೆ ಲೆಕ್ಕ ಮುಗಿಸುತ್ತೆ, ನನ್ನ ಕೋಡ್‌ನಲ್ಲೂ ದಿನ ಶುರುವಾಗೋದು ಅಲ್ಲಿಂದಲೇ.

ಇಂಥದ್ದೇ ಇನ್ನೊಂದು ಯಂತ್ರ ಶಿರಸಿ ಹತ್ತಿರ ಗೆಳೆಯನ ಮನೆ ಅಂಗಳದಲ್ಲಿದೆ. ಅಡಿಕೆ ತೋಟದವರು. ಮಳೆ ಸರಿಯಾಗಿ ಹಿಡಿಯೋ ಮೊದಲೇ ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಬೋರ್ಡೋ ಅನ್ನೋ ಮೈಲುತುತ್ತು-ಸುಣ್ಣದ ದ್ರಾವಣ ಹೊಡೆಸಬೇಕು, ನಡುವೆ ಮಳೆ ಬಿಟ್ಟು ಹೊಳವು ಸಿಕ್ಕಾಗ ಇನ್ನೊಮ್ಮೆ. ಇಲ್ಲದಿದ್ದರೆ ಕೊಳೆ ರೋಗ ಬಂದು ಎಳೆ ಅಡಿಕೆಯೆಲ್ಲ ಉದುರುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆ ಗೌಡರನ್ನು ಯಾವತ್ತು ಕರೆಸೋದು ಅನ್ನೋದೇ ಆ ಮನೆಯ ಜೂನ್-ಜುಲೈ ತಿಂಗಳ ಮುಖ್ಯ ಚರ್ಚೆ. ನಾನು ಮೊಬೈಲಿನಲ್ಲಿ ಗ್ರಾಫ್ ತೆರೆದು, ಗಂಟೆಗಂಟೆಯ ಮಿ.ಮೀ. ಲೆಕ್ಕ ತೋರಿಸಿದೆ. ಗೆಳೆಯನ ಅಪ್ಪ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಇದ್ರಲ್ಲಿ ಇಂಚು ಎಲ್ಲಿದ್ದು ತಮಾ?" ಅಂದರು. ಅವರು ಮಳೆ ಬರೆದಿಡೋದೇ ಇಂಚಿನಲ್ಲಿ, ಹಳೇ ಡೈರಿಗಳ ಕಟ್ಟೇ ಇದೆ. 25.4ರಿಂದ ಭಾಗಿಸುವ ಒಂದು ಸಾಲು ಅಲ್ಲೇ ಜಗುಲಿಯಲ್ಲಿ ಕೂತು ಸೇರಿಸಿದೆ. ಅವತ್ತಿನಿಂದ ಯಂತ್ರಕ್ಕೆ ಆ ಮನೆಯಲ್ಲಿ ಮರ್ಯಾದೆ ಬಂತು. ಆ ಡೈರಿಗಳನ್ನು ಟೈಪ್ ಮಾಡಿ ಫೈಲ್ ಮಾಡೋದು ನನ್ನ ಮುಂದಿನ ಕೆಲಸ. ಪಿಎಚ್‌ಡಿಗೂ ಅದಕ್ಕೂ ಸಂಬಂಧವಿಲ್ಲ, ಗೈಡ್‌ಗೆ ಹೇಳಿಲ್ಲ.

ಉಳಿದದ್ದು ಎಲ್ಲಾ ಊರಿನ ಹಾಗೇ. ಸಂಜೆ ಟಾಗೋರ್ ಬೀಚ್, ಚಳಿಗಾಲದಲ್ಲಿ ಯಕ್ಷಗಾನ, ಊಟಕ್ಕೆ ಬಂಗಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ, ಆಗ ಒಣಮೀನೇ ಗತಿ.

ಮಾಲ್, ಮೆಟ್ರೋ, ವಾರಕ್ಕೊಂದು ಟೆಕ್ ಮೀಟಪ್ ಬೇಕೇ ಬೇಕು ಅನ್ನೋರಾದರೆ ಬರಬೇಡಿ, ಇಲ್ಲಿ ಅವೇನೂ ಇಲ್ಲ. ಕೈಕೆಸರು ಮಾಡಿಕೊಳ್ಳೋಕೆ ಅಡ್ಡಿಯಿಲ್ಲ ಅಂದರೆ ಬನ್ನಿ. ಬರುವಾಗ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ತನ್ನಿ, ಕ್ಯಾಮೆರಾ ಲೆನ್ಸಿಗೆ ಬೂಸ್ಟು ಹಿಡಿಯೋಕೆ ಒಂದು ಮಳೆಗಾಲ ಸಾಕು. ಛತ್ರಿ ಮಾತ್ರ ಇಲ್ಲೇ ತಗೊಳ್ಳಿ. ಬೆಂಗಳೂರಿನ ಮಡಚೋ ಛತ್ರಿ ಇಲ್ಲಿಯ ಗಾಳಿಗೆ ತಡೆಯಲ್ಲ.