ಮಾತ್ರೆ ಬಿಟ್ಟು 5 ತಿಂಗಳಾಯ್ತು, ಪೀರಿಯಡ್ಸ್ ಪತ್ತೇನೇ ಇಲ್ಲ

ಪ್ರಶ್ನೆ: ಮೇಡಂ ನಮಸ್ತೆ, ನನಗೀಗ 32 ವರ್ಷ. 6 ವರ್ಷ ಬಿಡದೆ ಗರ್ಭನಿರೋಧಕ ಮಾತ್ರೆ ತಗೊಂಡಿದ್ದೆ, ಮಗು ಬೇಕು ಅಂತ 5 ತಿಂಗಳ ಹಿಂದೆ ನಿಲ್ಲಿಸಿದೆ. ನಿಲ್ಲಿಸಿದ ಮೂರನೇ ದಿನಕ್ಕೆ ಬ್ಲೀಡಿಂಗ್ ಆಯ್ತು, ಆಮೇಲೆ 48 ದಿನಕ್ಕೆ ಒಂದ್ಸಲ, ಅದಾದ್ಮೇಲೆ ಏನೂ ಇಲ್ಲ. ಮಾತ್ರೆ ತಗೋತಿದ್ದಾಗ 28 ದಿನಕ್ಕೆ ಸರಿಯಾಗಿ ಬರ್ತಿತ್ತು (ಅದಕ್ಕೂ ಮುಂಚೆ 2-3 ತಿಂಗಳಿಗೊಂದ್ಸಲ ಆಗ್ತಿತ್ತು, ಅದು ಬೇರೆ ವಿಷಯ ಬಿಡಿ). ಅಷ್ಟು ವರ್ಷ ಮಾತ್ರೆ ನುಂಗಿ ಗರ್ಭಕೋಶ ಒಣಗಿಸ್ಕೊಂಡಿದೀಯ ಅಂತ ಅಕ್ಕ ಬೈತಾಳೆ. ಮಾತ್ರೆ ಬಿಡೋಕೆ ಮುಂಚೆ ಮಾಡಿಸಿದ, ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಹೇಳೋ ಎಎಂಎಚ್ ಟೆಸ್ಟ್‌ನಲ್ಲೂ ಸ್ವಲ್ಪ ಕಮ್ಮಿ ಬಂದಿತ್ತು. ನನ್ನ ಕೈಯಾರೆ ನಾನೇ ಹಾಳು ಮಾಡ್ಕೊಂಡ್ನಾ?

ಉತ್ತರ: ಇಲ್ಲ ಕಣಮ್ಮ, ಹಾಳು ಮಾಡ್ಕೊಂಡಿಲ್ಲ. ಆದ್ರೆ ಬ್ರಾಕೆಟ್ ಹಾಕಿ ‘ಬೇರೆ ವಿಷಯ ಬಿಡಿ’ ಅಂತ ತಳ್ಳಿದ್ದೀರಲ್ಲ, ನನ್ನ ಕಣ್ಣು ಹೋಗಿ ನಿಂತಿದ್ದೇ ಅಲ್ಲಿ. ಅದಕ್ಕೆ ಬರ್ತೀನಿ, ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ನಾಳೆ ಬೆಳಿಗ್ಗೆ ಎದ್ದ ತಕ್ಷಣ ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ. ನಗಬೇಡಿ, ‘ಮುಟ್ಟೇ ಆಗ್ತಿಲ್ಲ, ನನಗಿನ್ನೆಲ್ಲಿ ಮಗು’ ಅಂತ ಅಳ್ತಾ ಬಂದವರು ಆಗಲೇ ಬಸುರಿಯಾಗಿರೋದು ನಮಗೆ ಹೊಸದೇನಲ್ಲ, ಯಾಕಂದ್ರೆ ಮೊಟ್ಟೆ ಬಿಡುಗಡೆ ಆಗೋದು ಮೊದಲು, ಮುಟ್ಟು ಆಮೇಲೆ.

ನೆಗೆಟಿವ್ ಬಂತು ಅಂತಿಟ್ಕೊಳ್ಳಿ. ಈಗ ಮಾತ್ರೆ ಏನು ಮಾಡ್ತಿತ್ತು ಅಂತ ನೋಡೋಣ. ಅದರಲ್ಲಿರೋ ಈಸ್ಟ್ರೋಜೆನ್ ಮತ್ತೆ ಪ್ರೊಜೆಸ್ಟಿನ್ ಸೇರಿ ಮೆದುಳಿಂದ ಅಂಡಾಶಯಕ್ಕೆ ಹೋಗೋ ಸಂದೇಶವನ್ನ ತಡೆದಿಡ್ತವೆ, ಹಾಗಾಗಿ ಮೊಟ್ಟೆ ಬಲಿಯಲ್ಲ. ಪ್ರತಿ 28 ದಿನಕ್ಕೆ ಬರ್ತಿತ್ತು ಅಂದ್ರಲ್ಲ, ಅದು ನಿಮ್ಮ ಮುಟ್ಟೇ ಅಲ್ಲ, ಹಾರ್ಮೋನ್ ಮಾತ್ರೆಗೆ ಕೆಲವು ದಿನ ಗ್ಯಾಪ್ ಬೀಳುತ್ತಲ್ಲ, ಆ ಗ್ಯಾಪಿಗೆ ಆಗೋ ಬ್ಲೀಡಿಂಗ್ ಅಷ್ಟೇ. ಬಿಟ್ಟ ಮೂರನೇ ದಿನಕ್ಕೆ ಆಗಿದ್ದೂ ಅದೇ. ಹಾಗಾಗಿ ಮಾತ್ರೆ ಬಿಟ್ಟ ಮೇಲೆ ನಿಮಗೆ ನಿಜವಾಗಿ ಆಗಿರೋದು ಒಂದೇ ಪೀರಿಯಡ್, ಆ 48 ದಿನದ್ದು. ಮಾತ್ರೆಯ ಹಾರ್ಮೋನ್ ಕೆಲವೇ ದಿನದಲ್ಲಿ ಮೈಯಿಂದ ಹೊರಗೆ ಹೋಗಿರುತ್ತೆ, 6 ವರ್ಷ ತಗೊಂಡ್ರೆ 6 ವರ್ಷದ್ದು ಒಳಗೆ ಸೇರ್ಕೊಂಡಿರುತ್ತೆ ಅನ್ನೋದೆಲ್ಲ ಸುಳ್ಳು, ಡೀಟಾಕ್ಸ್ ಅಂತ ಮಾರೋ ಪುಡಿ ಕಷಾಯಕ್ಕೆ ದುಡ್ಡು ಹಾಕಬೇಡಿ ದಯವಿಟ್ಟು. ಮಾತ್ರೆ ಬಿಟ್ಟು ಪ್ರಯತ್ನ ಪಡೋ 100 ಜನರಲ್ಲಿ ಸುಮಾರು 80 ಜನ ಒಂದು ವರ್ಷದೊಳಗೆ ಬಸುರಿಯಾಗ್ತಾರೆ, ಮಾತ್ರೆ ಮುಟ್ಟದೇ ಇದ್ದವರ ಲೆಕ್ಕನೂ ಹೆಚ್ಚುಕಮ್ಮಿ ಅಷ್ಟೇ. ಅಕ್ಕನಿಗೆ ಇದನ್ನ ಓದಿ ಹೇಳಿ.

ಈಗ ಬ್ರಾಕೆಟ್ ವಿಷಯ. 21ರಿಂದ 35 ದಿನದೊಳಗೆ ಬಂದ್ರೆ ಅದು ಸರಿಯಾದ ಪೀರಿಯಡ್ಸ್, ನಿಮಗೆ ಮಾತ್ರೆಗೂ ಮುಂಚೆನೇ 2-3 ತಿಂಗಳಿಗೊಂದ್ಸಲ ಆಗ್ತಿತ್ತು, ಅಂದ್ರೆ ಆಗಲೇ ಮೊಟ್ಟೆ ಸರಿಯಾಗಿ ಬಿಡುಗಡೆ ಆಗ್ತಿರಲಿಲ್ಲ ಅನ್ಸುತ್ತೆ. ಆರು ವರ್ಷ ಮಾತ್ರೆ ಅದನ್ನ ಮುಚ್ಚಿಟ್ಟಿತ್ತು, ಸರಿ ಮಾಡಿರಲಿಲ್ಲ. ಈಗ ಪರದೆ ಸರೀತು, ಹಳೇದೇ ಕಾಣ್ತಿದೆ. ಇಂಥ ಕತೆಯಲ್ಲಿ ಹೆಚ್ಚಾಗಿ ಸಿಗೋದು ಪಿಸಿಓಎಸ್, ಜನ ಪಿಸಿಓಡಿ ಅಂತಾರಲ್ಲ ಅದು, ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡುಗಡೆ ಆಗದ ಸಮಸ್ಯೆ, ಕೆಲವ್ರಿಗೆ ಥೈರಾಯ್ಡ್, ಇನ್ನು ಕೆಲವ್ರಿಗೆ ಎದೆಹಾಲು ಬರಿಸೋ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತೆ, ಮೈತೂಕ ಒಮ್ಮೆಗೇ ಇಳಿದ್ರೂ ವಿಪರೀತ ವ್ಯಾಯಾಮ ಮಾಡಿದ್ರೂ ನಿಲ್ಲಬಹುದು. ಪತ್ರ ಓದಿ ಇದೇ ಅಂತ ಹೇಳೋಕಾಗಲ್ಲ.

ಸಾಮಾನ್ಯವಾಗಿ 35ರ ಒಳಗಿನವ್ರಿಗೆ ಒಂದು ವರ್ಷ ಪ್ರಯತ್ನ ಪಡಿ, 35 ದಾಟಿದವ್ರಿಗೆ 6 ತಿಂಗಳು ನೋಡಿ ಬನ್ನಿ ಅಂತೀವಿ. ಆ ಲೆಕ್ಕ ಪೀರಿಯಡ್ಸ್ ಸರಿಯಾಗಿ ಆಗೋರಿಗೆ. 3 ತಿಂಗಳು ಮುಟ್ಟೇ ಆಗಿಲ್ಲ ಅಂದ್ರೆ ವರ್ಷ ಕಾಯೋದ್ರಲ್ಲಿ ಅರ್ಥ ಇಲ್ಲ, ಈಗಲೇ ಹೋಗಿ. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್‌ಗಳ ರಕ್ತ ಪರೀಕ್ಷೆ, ಒಂದು ಸ್ಕ್ಯಾನಿಂಗ್, ಶುರುವಿಗೆ ಇಷ್ಟು ಸಾಕಾಗುತ್ತೆ. ನಿಮ್ಮ ಯಜಮಾನ್ರ ವೀರ್ಯ ಪರೀಕ್ಷೆನೂ ಅದೇ ವಾರ ಆಗ್ಲಿ, ಮಗು ಆಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತೆ, ಆದ್ರೂ ಹೆಂಗಸಿನ ಎಲ್ಲಾ ಟೆಸ್ಟ್ ಮುಗಿದ ಮೇಲೆ ಕೊನೆಗೆ ‘ಅವರದ್ದೂ ಮಾಡಿಸ್ಬೇಕಾ’ ಅಂತ ಕೇಳ್ತಾರೆ, ಇದು ನನಗೆ ಇವತ್ತಿಗೂ ಸಿಟ್ಟು ಬರಿಸೋ ವಿಷಯ.

ಎಎಂಎಚ್ ಕಮ್ಮಿ ಬಂತು ಅಂತ ಹೆದರಿದ್ದೀರಿ. ಮಾತ್ರೆ ತಗೋತಿರುವಾಗ ಆ ನಂಬರ್ ಸುಮ್ನೆ ಕೆಳಗೆ ಇಳಿದು ಕೂತಿರುತ್ತೆ, ಬಿಟ್ಟ ಕೆಲ ತಿಂಗಳಲ್ಲಿ ಮೇಲೆ ಬರುತ್ತೆ. ಆ ರಿಪೋರ್ಟ್ ಪಕ್ಕಕ್ಕಿಡಿ, ಬೇಕಾದ್ರೆ ಈಗ ಮತ್ತೆ ಮಾಡಿಸ್ತಾರೆ. ಮೊಟ್ಟೆ ಬಿಡುಗಡೆ ಆಗೋ ಸಮಯ ತೋರಿಸೋ ಓವ್ಯುಲೇಷನ್ ಕಿಟ್ ನೆಚ್ಕೊಂಡು ಕೂರಬೇಡಿ, ಪಿಸಿಓಎಸ್ ಇರೋರಲ್ಲಿ ಎಲ್‌ಎಚ್, ಅಂದ್ರೆ ಆ ಕಿಟ್ ಪತ್ತೆ ಮಾಡೋ ಹಾರ್ಮೋನ್, ಮೊದಲೇ ಜಾಸ್ತಿ ಇರಬಹುದು, ಅದು ಸುಮ್ಸುಮ್ನೆ ಪಾಸಿಟಿವ್ ತೋರಿಸುತ್ತೆ. ಒಂದು ವೇಳೆ ಪಿಸಿಓಎಸ್ ಅಂತಾನೇ ಆದ್ರೂ ಮೊಟ್ಟೆ ಬಿಡುಗಡೆ ಮಾಡಿಸೋಕೆ ಲೆಟ್ರೊಜೋಲ್ ಅಂತ ಮಾತ್ರೆ ಇದೆ, ಡಾಕ್ಟರ್ ನೋಡ್ಕೊಂಡು ಕೊಡ್ತಾರೆ, ಎಷ್ಟೋ ಜನಕ್ಕೆ ಅಷ್ಟರಲ್ಲೇ ಕೆಲಸ ಆಗುತ್ತೆ. ದಿನಕ್ಕೆ 400 ಮೈಕ್ರೋಗ್ರಾಂ ಫಾಲಿಕ್ ಆಸಿಡ್ ಮಾತ್ರ ಇವತ್ತಿಂದಲೇ ಶುರು ಮಾಡಿ, ಮಗುವಿನ ಬೆನ್ನುಹುರಿ ರೂಪ ತಗೊಳ್ಳೋದು ನಿಮಗೆ ಬಸುರಿ ಅಂತ ಗೊತ್ತಾಗೋ ಹೊತ್ತಿಗೆ ಹೆಚ್ಚುಕಮ್ಮಿ ಮುಗಿದಿರುತ್ತೆ.

ಪ್ರಶ್ನೆ: ನನಗೆ 29, 3 ತಿಂಗಳಿಗೊಂದು ಹಾಕೋ ಇಂಜೆಕ್ಷನ್ ತಗೋತಿದ್ದೆ. ಕೊನೇದು ಹಾಕಿಸಿ 8 ತಿಂಗಳಾಯ್ತು. ಮಾತ್ರೆ ಬಿಟ್ಟ ಫ್ರೆಂಡ್ ಎರಡೇ ತಿಂಗಳಿಗೆ ಬಸುರಿ, ನನಗೆ ಯಾಕಿಲ್ಲ?

ಉತ್ತರ: ಅವರದ್ದು ಮಾತ್ರೆ, ನಿಮ್ಮದು ಇಂಜೆಕ್ಷನ್, ಹೋಲಿಸಬೇಡಿ. ಈ ಔಷಧಿ ಚುಚ್ಚಿದ ಜಾಗದಲ್ಲೇ ಉಳ್ಕೊಂಡು ನಿಧಾನವಾಗಿ ಕರಗುತ್ತೆ, 3 ತಿಂಗಳು ಅನ್ನೋದು ಗರ್ಭ ತಡೆಯೋ ಗ್ಯಾರಂಟಿ ಅವಧಿ ಅಷ್ಟೇ, ಅದು ಮುಗಿದ ಕೂಡಲೇ ಖಾಲಿ ಆಗಲ್ಲ. ಕೊನೇ ಇಂಜೆಕ್ಷನ್‌ನಿಂದ ಗರ್ಭ ನಿಲ್ಲೋಕೆ ಸುಮಾರು 10 ತಿಂಗಳು ಹಿಡಿಯೋದು ಮಾಮೂಲು, ಕೆಲವ್ರಿಗೆ ಒಂದೂವರೆ ವರ್ಷನೂ ಆಗುತ್ತೆ. ಬೇಗ ಕರಗಿಸೋ ಉಪಾಯ ಇಲ್ಲ. ಇದನ್ನ ಇಂಜೆಕ್ಷನ್ ಕೊಡೋಕೆ ಮುಂಚೆನೇ ಹೇಳ್ಬೇಕಿತ್ತು, ಹೇಳದೇ ಇದ್ದಿದ್ದು ಕೊಟ್ಟವರ ತಪ್ಪು.

ಪ್ರಶ್ನೆ: ಗರ್ಭ ತಡೆಯೋಕೆ ಗರ್ಭಕೋಶದೊಳಗೆ ಹಾಕಿಸಿದ್ದ ಹಾರ್ಮೋನ್ ಇರೋ ಐಯುಡಿ ಮುಂದಿನ ವಾರ ತೆಗೆಸ್ತಿದೀನಿ. ಗರ್ಭಕೋಶಕ್ಕೆ 3 ತಿಂಗಳು ರೆಸ್ಟ್ ಕೊಟ್ಟು ಆಮೇಲೆ ಟ್ರೈ ಮಾಡಬೇಕಾ?

ಉತ್ತರ: ಬೇಕಿಲ್ಲ, ತೆಗೆಸಿದ ತಿಂಗಳೇ ನಿಂತ್ರೂ ಮಗುವಿಗೆ ಏನೂ ತೊಂದರೆ ಇಲ್ಲ. ಅಥವಾ ನಿಮಗೇ ಈಗ್ಲೇ ಬೇಡ ಅನ್ಸಿದ್ರೆ ಉಲ್ಟಾ ಎಚ್ಚರ ಬೇಕು, ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರುತ್ತೆ, ಹಾಗಾಗಿ ತೆಗೆಸೋಕೆ 7 ದಿನ ಮುಂಚಿಂದಲೇ ಕಾಂಡೋಮ್ ಬಳಸಿ.