‘ಆರ್ಗ್ಯುಯಬ್ಲಿ’ ಎಂದರೆ ಅನುಮಾನವೇ, ಸಮರ್ಥನೆಯೇ?

ಕಚೇರಿಯ ವರದಿಯೊಂದರಲ್ಲಿ ‘ದಿಸ್ ಈಸ್ ಆರ್ಗ್ಯುಯಬ್ಲಿ ದ ಬೆಸ್ಟ್ ವೆಂಡರ್’ ಎಂದು ನೀವು ಬರೆದಿರಿ. ಮೇಲಧಿಕಾರಿಗಳು ‘ವಿವಾದವಿದ್ದರೆ ಬೆಸ್ಟ್ ಎಂದು ಏಕೆ ಬರೆಯಬೇಕು’ ಎಂದು ಆ ಪದವನ್ನು ಹೊಡೆದುಹಾಕಿದರು. ಅದಕ್ಕೆ ‘ಪ್ರಾಬಬ್ಲಿ’ ಎಂಬ ಅರ್ಥವೇ ಅಥವಾ ‘ವಿವಾದಾಸ್ಪದ’ ಎಂಬ ಅರ್ಥವೇ ಎಂಬುದು ನಿಮ್ಮ ಪ್ರಶ್ನೆ. ಎರಡೂ ಸರಿಹೊಂದುವುದಿಲ್ಲ ಎಂಬುದು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಲೇ ಇರುವ ನನ್ನ ಉತ್ತರ.

ಗೊಂದಲದ ಮೂಲ ‘ಆರ್ಗ್ಯೂ’ ಎಂಬ ಕ್ರಿಯಾಪದದಲ್ಲಿದೆ. ನಮ್ಮ ಆಡುಮಾತಿನಲ್ಲಿ ‘ಆರ್ಗ್ಯೂ ಮಾಡಬೇಡ’ ಎಂದರೆ ಎದುರು ಮಾತಾಡಬೇಡ ಎಂದೇ ಅರ್ಥ, ಆದ್ದರಿಂದ ಆ ಪದ ಕಂಡೊಡನೆ ಜಗಳದ ನೆನಪಾಗುತ್ತದೆ. ಆದರೆ ಕಾರಣಗಳನ್ನು ಮುಂದಿಟ್ಟು ಒಂದು ನಿಲುವನ್ನು ಸಮರ್ಥಿಸುವುದೂ ‘ಆರ್ಗ್ಯೂ’ವೇ, ವಕೀಲರು ನ್ಯಾಯಾಲಯದಲ್ಲಿ ಮಾಡುವುದು ಅದನ್ನೇ. ಅವರು ‘ಆರ್ಗ್ಯುಯಬಲ್ ಕೇಸ್’ ಎಂದಾಗ, ಪ್ರಕರಣದಲ್ಲಿ ಹುರುಳಿದೆ, ವಿಚಾರಣೆಗೆ ಯೋಗ್ಯವಾಗಿದೆ ಎಂದು ಹೇಳುತ್ತಿರುತ್ತಾರೆಯೇ ಹೊರತು, ತಮ್ಮ ಕಕ್ಷಿದಾರರ ಬಗ್ಗೆ ತಮಗೇ ಸಂಶಯವಿದೆ ಎಂದಲ್ಲ.

ಈ ಗುಣವಾಚಕಕ್ಕೆ ಮಾತ್ರ ಎರಡು ಮುಖಗಳಿವೆ ಎಂಬುದನ್ನು ಒಪ್ಪಬೇಕು. ‘ಇಟ್ ಈಸ್ ಆರ್ಗ್ಯುಯಬಲ್ ದಟ್’ ಎಂದು ಆರಂಭವಾಗುವ ವಾಕ್ಯ ಮುಂದಿನ ಮಾತಿನ ಪರವಾಗಿ ನಿಲ್ಲುತ್ತದೆ. ‘ದಟ್’ ಇದ್ದ ಜಾಗದಲ್ಲಿ ‘ವೆದರ್’ ಬಂದರೆ ಅದೇ ವಾಕ್ಯ ಅನುಮಾನದ ಕಡೆಗೆ ವಾಲುತ್ತದೆ. ಕ್ರಿಯಾವಿಶೇಷಣವಾದ ‘ಆರ್ಗ್ಯುಯಬ್ಲಿ’ ಸಾಮಾನ್ಯ ಬಳಕೆಯಲ್ಲಿ ಮೊದಲನೆಯ ಮುಖವನ್ನೇ ಉಳಿಸಿಕೊಂಡಿದೆ: ಎಲ್ಲರೂ ಒಪ್ಪದಿರಬಹುದು, ಆದರೂ ಹೀಗೆನ್ನಲು ಸಾಕಷ್ಟು ಆಧಾರವಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅನಿಲ್ ಕುಂಬ್ಳೆ ಟೆಸ್ಟ್ ಕ್ರಿಕೆಟ್‌ನಲ್ಲಿ 619 ವಿಕೆಟ್ ಪಡೆದರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಉರುಳಿಸಿದರು. ಇವು ದಾಖಲೆಗಳು, ಇವುಗಳ ಮುಂದೆ ‘ಆರ್ಗ್ಯುಯಬ್ಲಿ’ ಸೇರಿಸಿದರೆ ವಾಕ್ಯ ಹಾಸ್ಯಾಸ್ಪದವಾಗುತ್ತದೆ. ‘ಕುಂಬ್ಳೆ ಈಸ್ ಆರ್ಗ್ಯುಯಬ್ಲಿ ಇಂಡಿಯಾಸ್ ಗ್ರೇಟೆಸ್ಟ್ ಮ್ಯಾಚ್ ವಿನ್ನರ್’ ಎಂಬ ವಾಕ್ಯದಲ್ಲಾದರೋ ಅದು ಚೆನ್ನಾಗಿ ಕೂರುತ್ತದೆ, ಏಕೆಂದರೆ ‘ಗ್ರೇಟೆಸ್ಟ್’ ಎಂಬುದನ್ನು ಅಳೆಯುವ ಮಾಪಕವಿಲ್ಲ, ಕಪಿಲ್ ದೇವ್ ಅವರ ಹೆಸರನ್ನು ಎತ್ತುವವರೂ ಇದ್ದೇ ಇರುತ್ತಾರೆ, ಹಾಗಿದ್ದೂ ಮೇಲಿನ ದಾಖಲೆಗಳು ಆ ಅಭಿಪ್ರಾಯಕ್ಕೆ ಬೆಂಬಲವಾಗಿ ನಿಲ್ಲುತ್ತವೆ. (ನಾನು ಕುಂಬ್ಳೆಯವರ ಪಕ್ಷ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ ಎಂಬುದಕ್ಕೆ ಈ ಪದ ಬೇಡ, ಅದನ್ನು ಅಳೆದಾಗಿದೆ; ಕರ್ನಾಟಕದ ಅತಿ ಸುಂದರ ಶಿಖರ ಎನ್ನುವುದಾದರೆ ಧಾರಾಳವಾಗಿ ಬಳಸಬಹುದು.

‘ಪ್ರಾಬಬ್ಲಿ’ ಸಂಭವನೀಯತೆಯ ಮಾತು. ನಾಳೆ ಮಳೆ ಬರಬಹುದು ಎನ್ನುವುದಕ್ಕೆ ಅದು ಒಪ್ಪುತ್ತದೆ, ‘ಆರ್ಗ್ಯುಯಬ್ಲಿ’ ಒಪ್ಪುವುದಿಲ್ಲ.

ಕನ್ನಡಕ್ಕೆ ತರುವಾಗ ಯಂತ್ರಾನುವಾದಗಳಲ್ಲಿ ‘ವಾದಯೋಗ್ಯವಾಗಿ’ ಎಂಬ ರೂಪ ಕಾಣಸಿಗುತ್ತದೆ. ಅಂಥ ಕನ್ನಡವನ್ನು ಯಾರೂ ಆಡುವುದಿಲ್ಲ. ‘ಬಹುಶಃ’ ಎಂದರೆ ಬಲ ಕುಗ್ಗುತ್ತದೆ, ‘ನಿಸ್ಸಂದೇಹವಾಗಿ’ ಎಂದರೆ ಬಲ ಮಿತಿಮೀರುತ್ತದೆ. ನಮ್ಮ ಪತ್ರಿಕೆಗಳು ಬಹುಕಾಲದಿಂದ ಬಳಸುತ್ತಿರುವ ‘ಎಂದರೆ ತಪ್ಪಾಗಲಾರದು’ ಎಂಬ ನುಡಿಗಟ್ಟೇ ಇದಕ್ಕೆ ಅತ್ಯಂತ ಸಮೀಪದ್ದು ಎಂದು ನನ್ನ ಅಭಿಪ್ರಾಯ; ಚುಟುಕಾಗಿ ಬೇಕಾದಲ್ಲಿ ‘ಎನ್ನಬಹುದು’ ಸಾಕು.

ನಿಮ್ಮ ಮೇಲಧಿಕಾರಿಗಳು ಅರ್ಥವನ್ನು ಗ್ರಹಿಸಿದ ರೀತಿ ಸರಿಯಿಲ್ಲದಿದ್ದರೂ ಅವರ ಅಸಮಾಧಾನಕ್ಕೆ ಕಾರಣವಿದೆ. ಈ ಪದವನ್ನು ಹಾಕಿ ಕಾರಣವನ್ನೇ ಕೊಡದೆ ಮುಂದೆ ಸಾಗುವ ಚಾಳಿ ಇಂಗ್ಲಿಷ್ ಪತ್ರಿಕಾ ಬರವಣಿಗೆಯಲ್ಲಿ ವಿಪರೀತವಾಗಿದೆ. ಹೇಳಿಕೆ ದೊಡ್ಡದು, ಹೊಣೆ ಮಾತ್ರ ಯಾರದೂ ಅಲ್ಲ ಎಂಬಂತಾಗುತ್ತದೆ. ಆ ವೆಂಡರ್‌ನ ದರ, ಸರಕು ತಲುಪಿಸಿದ ಅವಧಿ, ಹಿಂದಿರುಗಿಸಿದ ಮಾಲಿನ ಪ್ರಮಾಣ ಇವುಗಳ ಅಂಕಿಗಳು ನಿಮ್ಮ ಬಳಿ ಇದ್ದರೆ, ಮರುವಾಕ್ಯದಲ್ಲೇ ಅವನ್ನು ಕೊಟ್ಟು ‘ಆರ್ಗ್ಯುಯಬ್ಲಿ’ಯನ್ನು ಉಳಿಸಿಕೊಳ್ಳಿ, ಇಲ್ಲವಾದರೆ ಅದರ ಜೊತೆಗೆ ‘ಬೆಸ್ಟ್’ ಎಂಬುದನ್ನೂ ತೆಗೆದುಬಿಡಿ.