ಅರ್ಧ ನೋಡಿದ ಸಿನಿಮಾ ಲೆಕ್ಕಕ್ಕೆ ಬರುತ್ತಾ?

ನಮಸ್ಕಾರ್ರೀ. ದಿನಕ್ಕೊಂದು ಸಿನಿಮಾ ಅಂತ ಶುರು ಮಾಡಿ, ಹನ್ನೆರಡನೇ ದಿನ ಅರ್ಧಕ್ಕೇ ನಿದ್ದೆ ಬಂತು, ಅದನ್ನ ಲೆಕ್ಕಕ್ಕೆ ಹಿಡಿಯಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ. ಆದರೆ ಉಳಿದರ್ಧ ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಾ ಮುಗಿಸಿದರೆ ಪೂರ್ತಿ ಒಂದು.

ನಾನೂ ಇಲ್ಲಿ ವಿಜಯಪುರದಲ್ಲಿ ಹೋದ ವರ್ಷ ಇದೇ ಹುಚ್ಚು ಹಚ್ಚಿಕೊಂಡಿದ್ದೆ. ದಿನಾ ಎರಡೂವರೆ ತಾಸು ಅಂದರೆ ವರ್ಷಕ್ಕೆ 900 ತಾಸಿಗೂ ಜಾಸ್ತಿ. ಅಂಗಡಿ ಬಾಗಿಲು ಹಾಕಿ ಮನೆಗೆ ಬರೋದೇ ಒಂಬತ್ತೂವರೆಗೆ. ಒಂದು ರಾತ್ರಿ ರೊಟ್ಟಿ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿದ್ದೆ. ಎಚ್ಚರಾದಾಗ ಮೊಬೈಲ್ ತುಂಬಾ ಶೇಂಗಾ ಚಟ್ನಿ, ಅದರಡಿ ಕೊನೆಯ ಹೆಸರುಗಳು ಓಡುತ್ತಿದ್ದವು.

ಆಮೇಲೆ ಒಂದು ಉಪಾಯ ಮಾಡಿದೆ. ಕೆಲಸ ಜಾಸ್ತಿ ಇರುವ ದಿನ ಚಿಕ್ಕ ಸಿನಿಮಾ. ಚಾಪ್ಲಿನ್‌ನ ‘ದಿ ಕಿಡ್’ (1921) ತಾಸಿನ ಆಸುಪಾಸು. ಬಸ್ಟರ್ ಕೀಟನ್‌ನ ‘ಷರ್ಲಾಕ್ ಜೂನಿಯರ್’ (1924) ಮುಕ್ಕಾಲು ತಾಸಿಗೇ ಮುಗಿಯುತ್ತದೆ. ಎರಡೂ ಮೂಕಿ, ಮಲಗಿದ ಮಕ್ಕಳು ಏಳಲ್ಲ. ಉದ್ದದವು ಭಾನುವಾರಕ್ಕೆ. ಗಿರೀಶ ಕಾಸರವಳ್ಳಿಯವರ ಸಿನಿಮಾ ದಣಿದ ರಾತ್ರಿ ಮಾತ್ರ ಹಚ್ಚಬೇಡಿ, ನಿದ್ದೆಗಣ್ಣಲ್ಲಿ ನೋಡೋ ಅಂಥವಲ್ಲ ಅವು.

ಇನ್ನೊಂದು ಮಾತು. ಏನು ನೋಡೋದು ಅಂತ ಹುಡುಕೋದರಲ್ಲೇ ಅರ್ಧ ತಾಸು ಹೋಗುತ್ತದೆ. ವಾರದ ಏಳು ಹೆಸರು ಮೊದಲೇ ಕ್ಯಾಲೆಂಡರ್ ಮೇಲೆ ಬರೆದಿಡಿ. ನಾನು ಹಾಲಿನ ಲೆಕ್ಕದ ಪಕ್ಕ ಬರೆದಿದ್ದೆ. “ಈ ಕೀಟನ್ ಯಾರ್ರೀ, ಹೊಸ ಹಾಲಿನವನಾ?” ಅಂತ ನಮ್ಮ ಮನೆಯವರು ಕೇಳಿದ್ದರು.

ನಾನು 143ಕ್ಕೆ ನಿಂತೆ, ಮದುವೆ ಸೀಸನ್ ಬಂತು. ನಿಮ್ಮ ಹದಿಮೂರನೇದು ಯಾವುದು, ಬರೀರಿ.